ಶಾಸ್ತ್ರಕ್ಕೆ ಸಿಗದ ಎಸೆತ

ಹಾವೇರಿಯ ಜಿಲ್ಲಾ ಕ್ರೀಡಾಂಗಣವಿರಲಿ, ರಾಣೆಬೆನ್ನೂರಿನ ಕಾಲೇಜು ಬಯಲಿರಲಿ, ಸುಗ್ಗಿ ಮುಗಿದ ಮೇಲೆ ಬ್ಯಾಡಗಿ ಸುತ್ತಲಿನ ಖಾಲಿ ಹೊಲಗಳಿರಲಿ, ಟೆನಿಸ್ ಚೆಂಡಿನ ಕ್ರಿಕೆಟ್ ನಡೆಯುವ ಕಡೆಯಲ್ಲೆಲ್ಲ ಒಂದು ಸಂಗತಿ ಸಮಾನ. ಪ್ರತಿ ತಂಡದಲ್ಲೂ ವಿಚಿತ್ರವಾಗಿ ಚೆಂಡೆಸೆಯುವ ಹುಡುಗನೊಬ್ಬ ಇದ್ದೇ ಇರುತ್ತಾನೆ. ಒಬ್ಬ ಕವಣೆ ಬೀಸಿದಂತೆ ತೋಳನ್ನು ಪಕ್ಕದಿಂದ ಬೀಸುತ್ತಾನೆ. ಇನ್ನೊಬ್ಬ ನಾಲ್ಕೇ ಹೆಜ್ಜೆ ಓಡಿ ಬಂದು ಬೆರಳಿನಿಂದ ಚೆಂಡನ್ನು ಚಿಮ್ಮಿಸುತ್ತಾನೆ. ‘ಇವನ ಬಾಲ್ ಹೆಂಗ ಬರತೈತಿ ಅಂತ ಆ ದೇವರಿಗೂ ಗೊತ್ತಿಲ್ಲ’ ಎಂಬುದು ಎದುರಾಳಿಗಳ ಗೊಣಗಾಟ. ಪಂದ್ಯ ಕೈ ತಪ್ಪುವಂತಾದಾಗ ನಾಯಕ ಚೆಂಡು ಕೊಡುವುದು ಇವನಿಗೇ.

ಆದರೆ ಇದೇ ಹುಡುಗ ಆಯ್ಕೆ ಶಿಬಿರಕ್ಕೆ ಹೋದರೆ ಮೊದಲು ಕೇಳಿಬರುವ ಮಾತು, ‘ಕೈ ಸರಿ ಮಾಡಿಕೊಂಡು ಬಾ’ ಎಂಬುದು. ಕೈ ಸರಿಯಾದ ಮೇಲೆ ಅವನಲ್ಲಿ ಉಳಿಯುವುದೇನು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಕ್ರಿಕೆಟ್ಟಿನ ಇತಿಹಾಸ ಮಾತ್ರ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದೆ. ಅದಕ್ಕೆ ಅತ್ಯಂತ ದಿಟ್ಟ ಉತ್ತರ ದೊರೆತದ್ದು ಕರ್ನಾಟಕದಲ್ಲೇ ಎಂಬುದು ಹೆಮ್ಮೆಯ ಸಂಗತಿ.

ವಾಡಿಕೆಯೂ ಒಮ್ಮೆ ವಿಚಿತ್ರವೇ

ಇಂದು ‘ಶಾಸ್ತ್ರೀಯ’ ಎನಿಸಿಕೊಂಡಿರುವ ಬೌಲಿಂಗ್ ಶೈಲಿ ಒಂದು ಕಾಲಕ್ಕೆ ನಿಯಮಬಾಹಿರವಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ಎಲ್ಲರೂ ಚೆಂಡನ್ನು ಸೊಂಟದ ಕೆಳಗಿನಿಂದ ಎಸೆಯುತ್ತಿದ್ದರು. ಕೈಯನ್ನು ಭುಜದ ಮಟ್ಟಕ್ಕೆ ಎತ್ತಿ ಎಸೆಯಲು ಹೊರಟ ಕೆಂಟ್ ತಂಡದ ಜಾನ್ ವಿಲ್ಸ್ ಅವರ ಚೆಂಡನ್ನು 1822ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಅಂಪೈರ್ ‘ನೋ ಬಾಲ್’ ಎಂದು ಸಾರಿದರು. ಅವಮಾನಿತರಾದ ವಿಲ್ಸ್ ಕುದುರೆ ಏರಿ ಹೊರಟೇಹೋದರು. ಹದಿಮೂರು ವರ್ಷಗಳ ಬಳಿಕ, 1835ರಲ್ಲಿ, ಭುಜದ ಮಟ್ಟದ ಎಸೆತಕ್ಕೆ ನಿಯಮದಲ್ಲೇ ಜಾಗ ಸಿಕ್ಕಿತು. ಕೈಯನ್ನು ತಲೆಯ ಮೇಲಕ್ಕೆ ಎತ್ತಲು ಅನುಮತಿ ದೊರೆತದ್ದು 1864ರಲ್ಲಿ. ಅಂದರೆ ಇಂದು ಗುರುಗಳು ಮಕ್ಕಳಿಗೆ ಕಲಿಸುವ ನೆಟ್ಟಗಿನ ಕೈಯೇ ಒಂದು ಕಾಲದ ಬಂಡಾಯ.

ಗೂಗ್ಲಿಯ ಕಥೆ ಇದಕ್ಕಿಂತ ರೋಚಕ. ಲೆಗ್ ಬ್ರೇಕ್ ಎಸೆಯುವಂತೆಯೇ ಕೈ ತಿರುಗಿಸಿ, ಚೆಂಡು ಮಾತ್ರ ಎದುರು ದಿಕ್ಕಿಗೆ ತಿರುಗುವಂತೆ ಮಾಡುವ ಈ ತಂತ್ರ ಹುಟ್ಟಿದ್ದು ಮೈದಾನದಲ್ಲಲ್ಲ, ಮೇಜಿನ ಮೇಲೆ. ಇಂಗ್ಲೆಂಡಿನ ಬರ್ನಾರ್ಡ್ ಬೋಸಾಂಕೆ ಅವರು 1897ರ ಸುಮಾರಿಗೆ ಗೆಳೆಯರೊಡನೆ ‘ಟ್ವಿಸ್ಟಿ ಟ್ವಾಸ್ಟಿ’ ಎಂಬ ಆಟ ಆಡುತ್ತಿದ್ದರು. ಮೇಜಿನ ಮೇಲೆ ಟೆನಿಸ್ ಚೆಂಡನ್ನು ಪುಟಿಸಿ, ಆಚೆ ಬದಿಯಲ್ಲಿ ಕುಳಿತವನ ಕೈಗೆ ಸಿಗದಂತೆ ಮಾಡುವುದೇ ಆಟ. ಅಲ್ಲಿ ಕಂಡುಕೊಂಡ ಕೈಚಳಕವನ್ನು ಅವರು 1900ರಲ್ಲಿ ಲೆಸ್ಟರ್‌ಷೈರ್ ವಿರುದ್ಧದ ಪಂದ್ಯದಲ್ಲಿ ಪ್ರಯೋಗಿಸಿದರು. ನಾಲ್ಕು ಸಲ ಪುಟಿದು ಬಂದ ಚೆಂಡಿಗೆ 98 ರನ್ ಗಳಿಸಿದ್ದ ಸ್ಯಾಮುಯೆಲ್ ಕೋ ಸ್ಟಂಪ್ ಆದರು. ನೋಡಿದವರು ನಕ್ಕರು. ಆದರೆ ಕೆಲವೇ ವರ್ಷಗಳಲ್ಲಿ ದಕ್ಷಿಣ ಆಫ್ರಿಕ ತಂಡ ಶ್ವಾರ್ಟ್ಸ್, ವೋಗ್ಲರ್, ಫಾಕ್ನರ್ ಮತ್ತು ವೈಟ್ ಎಂಬ ನಾಲ್ವರು ಗೂಗ್ಲಿ ಬೌಲರ್‌ಗಳನ್ನು ಕಟ್ಟಿಕೊಂಡು 1905-06ರಲ್ಲಿ ಇಂಗ್ಲೆಂಡನ್ನು ಮಣಿಸಿತು. ಇಂದು ‘ಗೂಗ್ಲಿ’ ಕನ್ನಡಿಗರ ಆಡುಮಾತಿನ ಪದವೇ ಆಗಿದೆ; 2013ರಲ್ಲಿ ಅದೇ ಹೆಸರಿನ ಕನ್ನಡ ಚಲನಚಿತ್ರವೂ ಬಂತು.

ಮನೆಯೊಳಗಿನ ಆಟದಿಂದ ಮೈದಾನಕ್ಕೆ ಬಂದ ತಂತ್ರಗಳು ಇನ್ನೂ ಇವೆ. ಆಸ್ಟ್ರೇಲಿಯದ ಜಾಕ್ ಐವರ್‌ಸನ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಾಗಿದ್ದಾಗ ಬಿಡುವಿನ ವೇಳೆಯಲ್ಲಿ ಟೇಬಲ್ ಟೆನಿಸ್ ಚೆಂಡನ್ನು ಮಡಿಸಿದ ನಡುಬೆರಳಿನಿಂದ ಚಿಮ್ಮಿಸುತ್ತಿದ್ದರು. ಅದೇ ಹಿಡಿತದಿಂದ 1950-51ರ ಆ್ಯಷಸ್ ಸರಣಿಯಲ್ಲಿ ಅವರು 21 ವಿಕೆಟ್ ಕಿತ್ತರು. ಶ್ರೀಲಂಕಾದ ಅಜಂತ ಮೆಂಡಿಸ್ 2008ರಲ್ಲಿ ಕೇರಂ ಆಟದ ಸ್ಟ್ರೈಕರ್ ಚಿಮ್ಮಿದಂತೆ ಚೆಂಡನ್ನು ಚಿಮ್ಮಿಸಿ, ತಮ್ಮ ಮೊದಲ ಟೆಸ್ಟ್ ಸರಣಿಯ ಮೂರು ಪಂದ್ಯಗಳಲ್ಲೇ ಭಾರತದ ವಿರುದ್ಧ 26 ವಿಕೆಟ್ ಪಡೆದರು. ಕೇರಂ ಹಲಗೆ ಇಲ್ಲದ ಊರು ನಮ್ಮಲ್ಲಿ ಯಾವುದಿದೆ? ಆದರೂ ಆ ಬೆರಳಿನ ಆಟ ಮೊದಲು ಚೆಂಡಿಗೆ ಹೊಂದಿಕೊಂಡದ್ದು ಯಾರೂ ಕೈ ತಿದ್ದದೆ ಬಿಟ್ಟ ಜಾಗದಲ್ಲಿ ಎಂಬುದು ಗಮನಾರ್ಹ.

ಮೋಸ ಹೋಗುವುದು ಕಣ್ಣು

ವಿಚಿತ್ರ ಎಸೆತ ಏಕೆ ಫಲ ಕೊಡುತ್ತದೆ? ಇದರ ಹಿಂದೆ ಸರಳ ಲೆಕ್ಕವಿದೆ. ಬೌಲರ್ ಮತ್ತು ಬ್ಯಾಟ್ಸ್‌ಮನ್ ನಿಲ್ಲುವ ಕ್ರೀಸುಗಳ ನಡುವಿನ ಅಂತರ ಸುಮಾರು 17.7 ಮೀಟರ್. ಗಂಟೆಗೆ 130 ಕಿಲೋಮೀಟರ್ ವೇಗದ ಚೆಂಡು ಈ ದೂರವನ್ನು ಅರ್ಧ ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದ ಸ್ಪಿನ್ ಎಸೆತಕ್ಕೆ ಸುಮಾರು 0.8 ಸೆಕೆಂಡು ಬೇಕು. ಚೆಂಡು ನೆಲಕ್ಕೆ ಬಿದ್ದ ಮೇಲೆ ನೋಡಿ ಆಡುತ್ತೇನೆ ಎಂದರೆ ಕಾಲ ಸಾಲದು. ಆದ್ದರಿಂದ ಅನುಭವಿ ಆಟಗಾರ ಚೆಂಡಿಗಿಂತ ಮೊದಲು ಬೌಲರ್‌ನ ಕೈಯನ್ನು ಓದುತ್ತಾನೆ. ಭುಜ ಎಷ್ಟು ಎತ್ತರಕ್ಕೆ ಬಂತು, ಮಣಿಕಟ್ಟು ಯಾವ ಕಡೆ ಹೊರಳಿತು, ಬೆರಳು ಎಲ್ಲಿದೆ ಎಂಬುದರ ಮೇಲೆ ಅವನ ಕಾಲು ಚಲಿಸುತ್ತದೆ. ಸಾವಿರಾರು ಎಸೆತ ಎದುರಿಸಿದ ಅಭ್ಯಾಸದಿಂದ ಬಂದ ಓದು ಇದು.

ವಿಚಿತ್ರ ಬೌಲರ್ ಕೆಡಿಸುವುದು ಈ ಓದನ್ನೇ. ಅವನ ಕೈ ಹೇಳುವ ಮಾತೊಂದು, ಚೆಂಡು ಮಾಡುವ ಕೆಲಸ ಇನ್ನೊಂದು. ಬ್ಯಾಡಗಿ ಮೆಣಸಿನಕಾಯಿಯ ಕಡುಗೆಂಪು ಬಣ್ಣ ಕಂಡು ಬಾಯಿ ಸುಡುತ್ತದೆಂದು ಹೆದರುವ ಹೊರಊರಿನವರು, ತಿಂದು ನೋಡಿದಾಗ ಖಾರ ಅಷ್ಟಿಲ್ಲವೆಂದು ಅಚ್ಚರಿಪಡುತ್ತಾರೆ. ಬಣ್ಣದಿಂದ ಖಾರ ಅಳೆಯುವ ಅಭ್ಯಾಸ ಅಲ್ಲಿ ಕೈಕೊಡುತ್ತದೆ. ಕೈಯಿಂದ ತಿರುವು ಅಳೆಯುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ.

ಪೋಲಿಯೊ ಬಾಧಿತ ತೋಳು

ಭಾಗವತ್ ಸುಬ್ರಹ್ಮಣ್ಯ ಚಂದ್ರಶೇಖರ್ ಹುಟ್ಟಿದ್ದು 1945ರ ಮೇ 17ರಂದು, ಮೈಸೂರಿನಲ್ಲಿ. ಎಳೆಯ ವಯಸ್ಸಿನಲ್ಲೇ ತಗುಲಿದ ಪೋಲಿಯೊ ಅವರ ಬಲಗೈಯನ್ನು ಸೊರಗಿಸಿತು. ಹತ್ತು ವರ್ಷದ ಹೊತ್ತಿಗೆ ಕೈ ಕೆಲಸಕ್ಕೆ ಬರುವಷ್ಟು ಚೇತರಿಸಿಕೊಂಡಿತಾದರೂ ಎಡಗೈಯಷ್ಟು ಬಲಿಯಲಿಲ್ಲ. ಮುಂದೆ ಬೆಂಗಳೂರಿಗೆ ಬಂದ ಹುಡುಗ ಬೀದಿಯಲ್ಲಿ ರಬ್ಬರ್ ಚೆಂಡಿನ ಆಟ ಆಡಿ ಬೆಳೆದು, ಸಿಟಿ ಕ್ರಿಕೆಟರ್ಸ್ ಕ್ಲಬ್ ಸೇರಿದ. ಕ್ಷೇತ್ರರಕ್ಷಣೆಯಲ್ಲಿ ಚೆಂಡು ಹಿಂತಿರುಗಿಸಲು ಎಡಗೈ, ಬೌಲಿಂಗಿಗೆ ಮಾತ್ರ ಸೊರಗಿದ ಬಲಗೈ.

ಸಾಮಾನ್ಯ ಬುದ್ಧಿಗೆ ಇದು ತಲೆಕೆಳಗಾದ ಆಯ್ಕೆ. ಬಲವಿರುವ ಕೈ ಬಿಟ್ಟು ಬಲವಿಲ್ಲದ ಕೈಯಲ್ಲಿ ಬೌಲಿಂಗ್ ಮಾಡುವುದೇ? ಆದರೆ ಆ ತೆಳು ತೋಳಿಗೆ ಬೇರೆಯೇ ಗುಣವಿತ್ತು. ಅದು ಚಾಟಿಯಂತೆ ಬಳುಕಿ ಬೀಸುತ್ತಿತ್ತು. ಲೆಗ್ ಸ್ಪಿನ್ನರ್‌ಗಳು ಚೆಂಡನ್ನು ಗಾಳಿಯಲ್ಲಿ ತೇಲಿಸಿ ನಿಧಾನವಾಗಿ ಬಿಡುವುದು ವಾಡಿಕೆ. ಚಂದ್ರಶೇಖರ್ ಉದ್ದನೆಯ ಓಟದಿಂದ ಬಂದು ಮಧ್ಯಮ ವೇಗದಲ್ಲಿ ಬಿಡುತ್ತಿದ್ದರು. ಲೆಗ್ ಬ್ರೇಕಿಗಿಂತ ಗೂಗ್ಲಿ ಮತ್ತು ನೇರ ನುಗ್ಗುವ ಟಾಪ್ ಸ್ಪಿನ್ ಅವರ ಮುಖ್ಯ ಅಸ್ತ್ರಗಳು. ಸ್ಪಿನ್ ಓದಲು ಬ್ಯಾಟ್ಸ್‌ಮನ್‌ಗೆ ಸಿಗುತ್ತಿದ್ದ ಹೆಚ್ಚಿನ ಕಾಲವನ್ನು ಅವರು ಕಸಿದುಕೊಂಡರು. ಯಾವ ಎಸೆತ ಹೇಗೆ ತಿರುಗೀತೆಂದು ಬೌಲರ್‌ಗೇ ತಿಳಿಯದು ಎಂಬ ಮಾತು ಚಂದ್ರ ಅವರ ಬಗ್ಗೆ ಇಂದಿಗೂ ಪ್ರಚಲಿತ.

ಮೊದಮೊದಲು ವೇಗದ ಬೌಲಿಂಗ್ ಸೇರಿ ಹಲವು ಬಗೆಗಳನ್ನು ಪ್ರಯತ್ನಿಸಿದ ಅವರು 1963ರಲ್ಲಿ ಲೆಗ್ ಸ್ಪಿನ್ನಿಗೆ ನೆಲೆ ನಿಂತರು. ಮೈಸೂರು ರಾಜ್ಯದ ಪರ ರಣಜಿ ಟ್ರೋಫಿ ಆಡಿದ ಮೊದಲ ಋತುವಿನಲ್ಲೇ, 1964ರ ಜನವರಿಯಲ್ಲಿ, ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಪದಾರ್ಪಣ ಮಾಡಿದರು. ವಯಸ್ಸು ಆಗ 18. ಮೊದಲ ಇನ್ನಿಂಗ್ಸ್‌ನಲ್ಲಿ 67 ರನ್‌ಗಳಿಗೆ 4 ವಿಕೆಟ್. ಯಾವ ಆಯ್ಕೆಗಾರನೂ ‘ಮೊದಲು ಕೈ ಸರಿ ಮಾಡಿಕೋ’ ಎನ್ನುವಷ್ಟು ಅವಕಾಶ ಇರಲಿಲ್ಲ. ಆ ಕೈಯನ್ನು ಸರಿಮಾಡುವ ಉಪಾಯವೂ ಯಾರಲ್ಲೂ ಇರಲಿಲ್ಲ. ಒಂದರ್ಥದಲ್ಲಿ ಅದೇ ಭಾರತೀಯ ಕ್ರಿಕೆಟ್ಟಿನ ಭಾಗ್ಯವಾಯಿತು.

ಓವಲ್‌ನಲ್ಲಿ ಗಣೇಶ ಚೌತಿ

1967-68ರ ಆಸ್ಟ್ರೇಲಿಯ ಪ್ರವಾಸದಿಂದ ಗಾಯಗೊಂಡು ಮರಳಿದ ಚಂದ್ರಶೇಖರ್ ಮೂರು ವರ್ಷಗಳಿಗೂ ಹೆಚ್ಚು ಕಾಲ ಟೆಸ್ಟ್ ತಂಡದಿಂದ ದೂರವುಳಿದರು. 1971ರ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಅವರನ್ನು ಪರಿಗಣಿಸಲಿಲ್ಲ. ಅದೇ ವರ್ಷದ ಇಂಗ್ಲೆಂಡ್ ಪ್ರವಾಸದಲ್ಲಿ ಅವರಿಗೆ ಮರಳಿ ಅವಕಾಶ ಸಿಕ್ಕಿತು.

ಮೊದಲ ಎರಡು ಟೆಸ್ಟ್‌ಗಳು ಡ್ರಾ ಆಗಿ, ಸರಣಿಯ ನಿರ್ಣಯ ಲಂಡನ್ನಿನ ಓವಲ್ ಮೈದಾನದ ಮೂರನೆಯ ಪಂದ್ಯಕ್ಕೆ ಉಳಿಯಿತು. ಮೊದಲ ಇನ್ನಿಂಗ್ಸ್‌ನಲ್ಲಿ ಇಂಗ್ಲೆಂಡ್ 355, ಭಾರತ 284. ಎದುರಾಳಿಗೆ 71 ರನ್ ಮುನ್ನಡೆ. ಭಾರತ ಸೋಲದಿದ್ದರೆ ಸಾಕೆಂಬ ಸ್ಥಿತಿ. ಎರಡನೆಯ ಇನ್ನಿಂಗ್ಸ್‌ನಲ್ಲಿ ಚಂದ್ರಶೇಖರ್ ಕೈಗೆ ತಾಗಿ ತಿರುಗಿದ ಚೆಂಡು ಬೌಲರ್ ಬದಿಯ ವಿಕೆಟ್ಟಿಗೆ ಬಡಿದು ಜೇಮ್ಸನ್ ರನ್‌ಔಟ್ ಆದರು. ಅಲ್ಲಿಂದ ಆಟದ ಗತಿಯೇ ಬದಲಾಯಿತು. ಜಾನ್ ಎಡ್ರಿಚ್ ಆಡಲು ಬಂದಾಗ ದಿಲೀಪ್ ಸರ್‌ದೇಸಾಯಿ ‘ಮಿಲ್ ರೀಫ್’ ಎಸೆಯುವಂತೆ ಚಂದ್ರಗೆ ಕೂಗಿ ಹೇಳಿದರಂತೆ. ಮಿಲ್ ರೀಫ್ ಆ ವರ್ಷ ಡರ್ಬಿ ಗೆದ್ದ ಕುದುರೆ. ಚಂದ್ರ ಅವರ ಅತಿ ವೇಗದ ಎಸೆತಕ್ಕೆ ಗೆಳೆಯರು ಇಟ್ಟ ಅಡ್ಡಹೆಸರೂ ಅದೇ. ಎಡ್ರಿಚ್ ಬ್ಯಾಟು ಕೆಳಗಿಳಿಸುವ ಮೊದಲೇ ವಿಕೆಟ್ ಉರುಳಿತ್ತು. ಅದರ ಬೆನ್ನಿಗೇ ಫ್ಲೆಚರ್, ಸೋಲ್ಕರ್‌ಗೆ ಕ್ಯಾಚಿತ್ತರು.

ಇಂಗ್ಲೆಂಡ್ 101 ರನ್‌ಗಳಿಗೆ ಸರ್ವಪತನ. ಚಂದ್ರಶೇಖರ್ 38 ರನ್‌ಗಳಿಗೆ 6 ವಿಕೆಟ್. ಭಾರತದ ವಿರುದ್ಧ ಇಂಗ್ಲೆಂಡಿನ ಅತಿ ಕಡಿಮೆ ಮೊತ್ತವಾಗಿ ಆ 101 ಸುಮಾರು ಅರ್ಧ ಶತಮಾನ ಉಳಿಯಿತು. 2021ರಲ್ಲಿ ಅಹಮದಾಬಾದಿನಲ್ಲಿ 81ಕ್ಕೆ ಆಲೌಟಾದಾಗ ಮಾತ್ರ ಅದು ಅಳಿಯಿತು. ಗೆಲುವಿಗೆ ಬೇಕಿದ್ದ 173 ರನ್‌ಗಳ ಬೆನ್ನಟ್ಟುವಿಕೆಯಲ್ಲಿ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ 33 ರನ್ ಸೇರಿಸಿದರು. 1971ರ ಆಗಸ್ಟ್ 24ರಂದು, ಗಣೇಶ ಚತುರ್ಥಿಯ ದಿನ, ಅಜಿತ್ ವಾಡೇಕರ್ ನಾಯಕತ್ವದ ಭಾರತ 4 ವಿಕೆಟ್‌ಗಳಿಂದ ಗೆದ್ದಿತು. ಭಾರತೀಯ ಅಭಿಮಾನಿಗಳು ಮೃಗಾಲಯದಿಂದ ಬೆಲ್ಲಾ ಎಂಬ ಆನೆಯನ್ನು ಮೈದಾನಕ್ಕೆ ಕರೆತಂದಿದ್ದರು. ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಅದು ಮೊದಲ ಟೆಸ್ಟ್ ಗೆಲುವು, ಮೊದಲ ಸರಣಿ ಜಯ.

ಇಂಥ ಬೌಲರನ್ನು ಇಟ್ಟುಕೊಳ್ಳಲು ತೆರಬೇಕಾದ ಬೆಲೆಯೂ ಇತ್ತು. ಕೈಗೆ ಲಯ ಸಿಗದ ದಿನ ಚಂದ್ರ ರನ್ ಕೊಡುವುದರಲ್ಲೂ ಧಾರಾಳಿ. ಎರಪಳ್ಳಿ ಪ್ರಸನ್ನ, ಬಿಷನ್ ಸಿಂಗ್ ಬೇಡಿ, ವೆಂಕಟರಾಘವನ್ ಅವರಂಥ ಶಾಸ್ತ್ರೀಯ ಸ್ಪಿನ್ನರ್‌ಗಳು ಒಂದು ತುದಿಯನ್ನು ಬಿಗಿಹಿಡಿದಾಗ ಇನ್ನೊಂದು ತುದಿಯಲ್ಲಿ ಚಂದ್ರ ಅವರನ್ನು ಬಿಡುವ ಧೈರ್ಯ ನಾಯಕರಿಗೆ ಬರುತ್ತಿತ್ತು. ವಿಕೆಟ್ ಹಿಂದೆ ನಿಲ್ಲುವವರ ಪಾಡೂ ಸುಲಭದ್ದಲ್ಲ. ರಾಜ್ಯ ತಂಡದಲ್ಲಿ ಚಂದ್ರ ಮತ್ತು ಪ್ರಸನ್ನ ಇಬ್ಬರಿಗೂ ಕೀಪಿಂಗ್ ಮಾಡಿದ ಸಯ್ಯದ್ ಕಿರ್ಮಾನಿ ಮುಂದೆ ದೇಶದ ಶ್ರೇಷ್ಠ ಕೀಪರ್‌ಗಳಲ್ಲಿ ಒಬ್ಬರಾದದ್ದು ಆಕಸ್ಮಿಕವಲ್ಲ. ಪ್ರಸನ್ನ ನಾಯಕತ್ವದಲ್ಲಿ ಕರ್ನಾಟಕ 1973-74ರಲ್ಲಿ ಮುಂಬಯಿಯ 15 ವರ್ಷಗಳ ಏಕಸ್ವಾಮ್ಯ ಮುರಿದು ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಾಗ, ಶಾಸ್ತ್ರ ಮತ್ತು ವಿಚಿತ್ರ ಎರಡೂ ಒಂದೇ ತಂಡದಲ್ಲಿದ್ದವು.

1977-78ರಲ್ಲಿ ಮೆಲ್ಬರ್ನ್‌ನಲ್ಲಿ ಎರಡೂ ಇನ್ನಿಂಗ್ಸ್‌ಗಳಲ್ಲಿ ತಲಾ 52 ರನ್‌ಗಳಿಗೆ 6 ವಿಕೆಟ್ ಪಡೆದ ಚಂದ್ರ, ಆಸ್ಟ್ರೇಲಿಯದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವನ್ನೂ ತಂದಿತ್ತರು. 58 ಟೆಸ್ಟ್‌ಗಳಲ್ಲಿ 242 ವಿಕೆಟ್. ಬ್ಯಾಟಿನಿಂದ ಬಂದದ್ದು 167 ರನ್ ಮಾತ್ರ. ಗಳಿಸಿದ ರನ್‌ಗಿಂತ ಕಿತ್ತ ವಿಕೆಟ್ ಹೆಚ್ಚು! ಆ ಕೈಗೆ ಬ್ಯಾಟು ಒಲಿಯಲಿಲ್ಲ, ಚೆಂಡು ಒಲಿಯಿತು.

ತಿರುಗದ ಸ್ಪಿನ್ನರ್

ಚಂದ್ರ ಹಾಕಿದ ದಾರಿಯಲ್ಲಿ ಇನ್ನಷ್ಟು ದೂರ ನಡೆದವರು ಅನಿಲ್ ಕುಂಬ್ಳೆ. ಮನೆತನದ ಮೂಲ ಕಾಸರಗೋಡು ಜಿಲ್ಲೆಯ ಕುಂಬಳೆ, ಹುಟ್ಟಿದ್ದು 1970ರಲ್ಲಿ ಬೆಂಗಳೂರಿನಲ್ಲಿ. ಮೊದಲು ಮಧ್ಯಮ ವೇಗದ ಬೌಲರ್ ಆಗಿದ್ದು ಬಳಿಕ ಲೆಗ್ ಸ್ಪಿನ್ನಿಗೆ ಬಂದ ಅವರಲ್ಲಿ ಎತ್ತರದ ದೇಹದ ಪುಟಿತ, ವೇಗದ ಬೌಲರ್‌ನ ಛಲ ಎರಡೂ ಉಳಿದುಕೊಂಡಿದ್ದವು. 1990ರಲ್ಲಿ ಟೆಸ್ಟ್ ಆಡತೊಡಗಿದಾಗ ಅವರ ಮೇಲೆ ಬಂದ ಆಕ್ಷೇಪ ಒಂದೇ: ‘ಇವರ ಚೆಂಡು ತಿರುಗುವುದಿಲ್ಲ’. ಅದೇ ಕಾಲಕ್ಕೆ ಆಸ್ಟ್ರೇಲಿಯದ ಶೇನ್ ವಾರ್ನ್ ಮೊಣಕೈಯಷ್ಟು ಅಗಲಕ್ಕೆ ಚೆಂಡು ತಿರುಗಿಸುತ್ತಿದ್ದುದರಿಂದ ಹೋಲಿಕೆ ಇನ್ನೂ ಕಟುವಾಯಿತು.

ಆಕ್ಷೇಪ ಸುಳ್ಳಲ್ಲ, ಅಪ್ರಸ್ತುತ. ಬ್ಯಾಟಿನ ಅಗಲ ನಾಲ್ಕೂಕಾಲು ಇಂಚು. ಅಂಚಿಗೆ ತಾಗಿಸಲು ಅಥವಾ ಅಂಚು ತಪ್ಪಿಸಲು ಎರಡು ಮೂರು ಇಂಚಿನ ತಿರುವು ಸಾಕು. ಉಳಿದದ್ದನ್ನು ವೇಗ ಮತ್ತು ಪುಟಿತ ನೋಡಿಕೊಳ್ಳುತ್ತವೆ. 1993ರ ನವೆಂಬರ್‌ನಲ್ಲಿ ಹೀರೊ ಕಪ್ ಅಂತಿಮ ಪಂದ್ಯದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ 12 ರನ್‌ಗಳಿಗೆ 6 ವಿಕೆಟ್. 1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ, ಪಾಕಿಸ್ತಾನ ವಿಕೆಟ್ ನಷ್ಟವಿಲ್ಲದೆ 101 ರನ್ ಗಳಿಸಿದ್ದ ಹಂತದಿಂದ, ಒಬ್ಬರೇ ಹತ್ತೂ ವಿಕೆಟ್ ಕಿತ್ತು 74 ರನ್‌ಗಳಿಗೆ 10ರ ದಾಖಲೆ. ಟೆಸ್ಟ್ ಚರಿತ್ರೆಯಲ್ಲಿ ಅವರಿಗೆ ಮೊದಲು ಈ ಸಾಧನೆ ಮಾಡಿದವರು 1956ರಲ್ಲಿ ಜಿಮ್ ಲೇಕರ್ ಒಬ್ಬರೇ. 2008ರಲ್ಲಿ ನಿವೃತ್ತರಾಗುವಾಗ ಕುಂಬ್ಳೆ ಅವರ ಟೆಸ್ಟ್ ವಿಕೆಟ್‌ಗಳು 619. ಭಾರತದ ಯಾವ ಬೌಲರ್ ಕೂಡ ಇದುವರೆಗೆ ಆ ಸಂಖ್ಯೆ ಮುಟ್ಟಿಲ್ಲ.

ವಿಚಿತ್ರಕ್ಕೂ ಗಡಿಯೊಂದಿದೆ. ಮೊಣಕೈ ಮಡಿಸಿ ಚೆಂಡನ್ನು ಕಲ್ಲು ಹೊಡೆದಂತೆ ಹೊಡೆಯುವುದು ನಿಯಮಕ್ಕೆ ವಿರುದ್ಧ. ಹುಟ್ಟಿನಿಂದಲೇ ಮೊಣಕೈ ಪೂರ್ತಿ ನೆಟ್ಟಗಾಗದ ಶ್ರೀಲಂಕಾದ ಮುತ್ತಯ್ಯ ಮುರಳೀಧರನ್ ಅವರನ್ನು 1995ರ ಡಿಸೆಂಬರ್ 26ರಂದು ಮೆಲ್ಬರ್ನ್‌ನಲ್ಲಿ ಅಂಪೈರ್ ಡ್ಯಾರೆಲ್ ಹೇರ್ ಮತ್ತೆ ಮತ್ತೆ ‘ನೋ ಬಾಲ್’ ಎಂದರು. ಬಳಿಕ ನಡೆದ ಅಳತೆಗಳಲ್ಲಿ ‘ಶುದ್ಧ’ ಕೈಯವರೆನಿಸಿದ ಬೌಲರ್‌ಗಳ ಮೊಣಕೈ ಕೂಡ ಕೆಲವು ಡಿಗ್ರಿ ಚಾಚುತ್ತದೆ ಎಂಬುದು ಗೊತ್ತಾಯಿತು. 2005ರಿಂದ ಎಲ್ಲರಿಗೂ 15 ಡಿಗ್ರಿಯ ಮಿತಿ ಜಾರಿಗೆ ಬಂತು. ಮುರಳೀಧರನ್ 800 ಟೆಸ್ಟ್ ವಿಕೆಟ್ ಪಡೆದು ನಿವೃತ್ತರಾದರು. ಕಣ್ಣಿಗೆ ತಪ್ಪೆಂದು ಕಂಡದ್ದು ಅಳತೆಯಲ್ಲಿ ತಪ್ಪಾಗಿರಬೇಕೆಂದಿಲ್ಲ ಎಂಬ ಪಾಠ ಅದರಿಂದ ದೊರೆಯಿತು.

ಬೇಸ್‌ಬಾಲ್‌ನ ಸೋದರರು

ಇದು ಕ್ರಿಕೆಟ್ಟಿಗಷ್ಟೇ ಸೀಮಿತವಾದ ಕಥೆಯಲ್ಲ. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಬೌಲರ್‌ನ ಜಾಗದಲ್ಲಿರುವವನು ಪಿಚರ್. ಅವನು ಸುಮಾರು 18.4 ಮೀಟರ್ ದೂರದಿಂದ, ನೆಲಕ್ಕೆ ತಾಗಿಸದೆ, ಮೊಣಕೈ ಮಡಿಸಿಯೇ ಚೆಂಡು ಬೀಸುತ್ತಾನೆ. ವೇಗವೇ ಅಲ್ಲಿ ದೊಡ್ಡ ಬಂಡವಾಳ. ಆದರೆ ‘ನಕಲ್‌ಬಾಲ್’ ಎಂಬ ಎಸೆತವೊಂದಿದೆ. ಚೆಂಡನ್ನು ಬೆರಳ ತುದಿಯಿಂದ ಒತ್ತಿ ಹಿಡಿದು, ತಿರುಗದಂತೆ ತಳ್ಳುವುದು. ತಿರುಗದ ಚೆಂಡಿನ ಹೊಲಿಗೆಗೆ ಗಾಳಿ ಅಡ್ಡಾದಿಡ್ಡಿ ಬಡಿದು ಚೆಂಡು ಚಿಟ್ಟೆಯಂತೆ ಅಲುಗುತ್ತದೆ. ಹಿಡಿಯುವವನಿಗೂ ಅದು ಎಲ್ಲಿ ಬಂದೀತೆಂದು ತಿಳಿಯದು. ಅದಕ್ಕೆಂದೇ ದೊಡ್ಡ ಕೈಚೀಲ ತೊಡುವುದುಂಟು.

ಆರ್. ಎ. ಡಿಕಿ ಎಂಬ ಪಿಚರ್‌ಗೆ 1996ರಲ್ಲಿ ಟೆಕ್ಸಾಸ್ ರೇಂಜರ್ಸ್ ತಂಡ 8,10,000 ಡಾಲರ್ ಕೊಡಲು ಮುಂದಾಗಿತ್ತು. ವೈದ್ಯಕೀಯ ತಪಾಸಣೆಯಲ್ಲಿ ಅವರ ಬಲ ಮೊಣಕೈಯಲ್ಲಿ ಇರಬೇಕಾದ ಮುಖ್ಯ ಅಸ್ಥಿರಜ್ಜುವೇ ಇಲ್ಲವೆಂದು ತಿಳಿದಾಗ ಆ ಮೊತ್ತ 75,000 ಡಾಲರಿಗೆ ಇಳಿಯಿತು. ವೇಗದಿಂದ ಏಳಿಗೆ ಕಾಣದ ಡಿಕಿ ಮೂವತ್ತರ ಅಂಚಿನಲ್ಲಿ ನಕಲ್‌ಬಾಲ್ ಕಲಿತರು. 2012ರಲ್ಲಿ, 38ರ ವಯಸ್ಸಿನಲ್ಲಿ, ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು. ನಕಲ್‌ಬಾಲ್ ಎಸೆಯುವವರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಮೈಸೂರಿನ ಪೋಲಿಯೊ ಬಾಧಿತ ಕೈಗೂ ಅಮೆರಿಕದ ಕಟ್ಟಿಲ್ಲದ ಮೊಣಕೈಗೂ ನಂಟು ಬೆಸೆಯಲು ಹೆಚ್ಚಿನ ಮಾತು ಬೇಡ.

ಅಮೆರಿಕದ ಮನೆಗಳಲ್ಲಿ ಟೀವಿ ಮುಂದೆ ಕುಳಿತು ಬೇಸ್‌ಬಾಲ್ ವಿಡಿಯೊ ಆಟ ಆಡುವವರೂ ಈ ಗುಟ್ಟನ್ನು ಬಲ್ಲರು. ಅಲ್ಲಿ ಬ್ಯಾಟು ಬೀಸುವುದೆಂದರೆ ಸರಿಯಾದ ಕ್ಷಣಕ್ಕೆ ಗುಂಡಿ ಒತ್ತುವುದು. ಸತತ ವೇಗದ ಎಸೆತಕ್ಕೆ ಹೆಬ್ಬೆರಳು ಬೇಗ ಒಗ್ಗಿಕೊಳ್ಳುತ್ತದೆ. ನಡುವೆ ಸೊಂಟದ ಕೆಳಗಿನಿಂದ ಬೀಸುವವನನ್ನೋ, ನಿಧಾನದ ನಕಲ್‌ಬಾಲಿನವನನ್ನೋ ಇಳಿಸಿದರೆ ಒಗ್ಗಿದ ಹೆಬ್ಬೆರಳು ಮುಂಚೆಯೇ ಒತ್ತಿಬಿಡುತ್ತದೆ. ಅಂಕಿಗಳಲ್ಲಿ ಕಳಪೆಯಾಗಿ ಕಾಣುವ ಪಿಚರ್ ಆಟದಲ್ಲಿ ಗೆದ್ದುಕೊಡುವುದು ಹೀಗೆ.

ಅಂಕಿಗೆ ಸಿಗದವನು

ನಮ್ಮ ಕಡೆಯ ಮಕ್ಕಳ ಆಟವೂ ಬದಲಾಗಿದೆ. ಹಿಂದೆ ಶಾಲೆಯ ಕೊನೆಯ ಬೆಂಚಿನಲ್ಲಿ ಪುಸ್ತಕ ಕ್ರಿಕೆಟ್ ನಡೆಯುತ್ತಿತ್ತು. ಪುಟ ತೆರೆದಾಗ ಬಂದ ಸಂಖ್ಯೆಯ ಕೊನೆಯ ಅಂಕಿಯೇ ರನ್, ಸೊನ್ನೆ ಬಂದರೆ ಔಟ್. ಅಲ್ಲಿ ಬೌಲರ್ ಎಂಬವನೇ ಇರಲಿಲ್ಲ. 2006ರ ಕೊನೆಗೆ ಬಂದ ‘ಕ್ರಿಕೆಟ್ 07’ ಕಂಪ್ಯೂಟರ್‌ಗಳಲ್ಲಿ ಜನಪ್ರಿಯವಾಯಿತು. ಬಳಿಕ ಚೆನ್ನೈನ ನೆಕ್ಸ್ಟ್‌ವೇವ್ ಸಂಸ್ಥೆಯ ‘ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್’ನಂಥ ಆಟಗಳು ಮೊಬೈಲ್ ಫೋನಿಗೆ ಬಂದವು. ಇಂಥ ಹಲವು ಆಟಗಳಲ್ಲಿ ಚೆಂಡು ಬೀಳುವ ಜಾಗದ ಗುರುತು ಮೊದಲೇ ನೆಲದ ಮೇಲೆ ಮೂಡುತ್ತದೆ. ಬೌಲರ್‌ನ ವೇಗ, ತಿರುವು, ನಿಖರತೆ ಎಲ್ಲಕ್ಕೂ ಒಂದೊಂದು ಅಂಕಿ. ಕೈ ಓದುವ ಕಷ್ಟವೇ ಇಲ್ಲ. ‘ತಿರುವು’ ಎಂಬ ಕಲಮಿನಲ್ಲಿ ಕುಂಬ್ಳೆಗೆ ಎಷ್ಟು ಅಂಕ ಕೊಡಬೇಕು? ‘ನಿಖರತೆ’ಯಲ್ಲಿ ಚಂದ್ರಗೆ ಎಷ್ಟು? ಎರಡರಲ್ಲೂ ಕಡಿಮೆಯೇ ಬಂದೀತು. ಇಬ್ಬರ ಶಕ್ತಿಯೂ ಇದ್ದದ್ದು ಅಂಕಿ ಹಾಕಲಾಗದ ಕಡೆ, ಎದುರಿಗಿದ್ದವನ ಅನುಮಾನದಲ್ಲಿ.

ವಿಡಿಯೊ ಆಟ ಮಾಡುವ ಈ ತಪ್ಪನ್ನೇ ಆಯ್ಕೆ ಶಿಬಿರಗಳೂ ಮಾಡಬಲ್ಲವು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಹಾವೇರಿ, ರಾಜ್ಯ ಕ್ರಿಕೆಟ್ ಸಂಸ್ಥೆಯ ಲೆಕ್ಕದಲ್ಲಿ ಧಾರವಾಡ ವಲಯಕ್ಕೆ ಸೇರಿದೆ. ಇಲ್ಲಿನ ಹುಡುಗ ಟೆನಿಸ್ ಚೆಂಡಿನಿಂದ ಚರ್ಮದ ಚೆಂಡಿಗೆ, ಊರ ಬಯಲಿನಿಂದ ಹುಬ್ಬಳ್ಳಿಯ ಮೈದಾನಕ್ಕೆ ದಾಟಬೇಕು. ಚರ್ಮದ ಚೆಂಡಿನ ತೂಕ 156 ಗ್ರಾಂ ಆಸುಪಾಸು, ಟೆನಿಸ್ ಚೆಂಡಿನದು 60ಕ್ಕೂ ಕಡಿಮೆ. ಬೆರಳಿನಿಂದ ಚಿಮ್ಮಿದರೆ ಓಡುತ್ತಿದ್ದ ಚೆಂಡು ಇಲ್ಲಿ ಮೊಂಡು ಹಿಡಿಯುತ್ತದೆ. ಆ ದಾಟುವ ಹಾದಿಯಲ್ಲಿ ಹಲವರ ವೈಚಿತ್ರ್ಯ ಕರಗಿಹೋಗುತ್ತದೆ.

ದಾಟಿದವರೂ ಇದ್ದಾರೆ. ಬೀದರಿನಲ್ಲಿ ಹುಟ್ಟಿ ತಮಿಳುನಾಡಿನ ಪರ ಆಡಿದ ವರುಣ್ ಚಕ್ರವರ್ತಿ ವಾಸ್ತುಶಿಲ್ಪ ಓದಿ, ಟೆನಿಸ್ ಚೆಂಡಿನ ಆಟದಿಂದ ಮರಳಿ ಕ್ರಿಕೆಟ್ಟಿಗೆ ಬಂದವರು. 2019ರ ಐಪಿಎಲ್‌ಗೆ ಅವರ ಬೆಲೆ 8.4 ಕೋಟಿ ರೂಪಾಯಿ. 2021ರ ಟಿ-20 ವಿಶ್ವಕಪ್ ಬಳಿಕ ಭಾರತ ತಂಡದಿಂದ ಹೊರಬಿದ್ದ ಅವರು ಚೆಂಡು ತಿರುಗಿಸುವ ಬಗೆಯನ್ನೇ ಬದಲಿಸಿಕೊಂಡು 2024ರಲ್ಲಿ ಮರಳಿದರು. 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ನ್ಯೂಜಿಲೆಂಡ್ ವಿರುದ್ಧ 42 ರನ್‌ಗಳಿಗೆ 5 ವಿಕೆಟ್ ಪಡೆದರು. ಮೆಂಡಿಸ್ ಅವರ ಕಥೆ ಇದಕ್ಕೆ ತಿರುವುಮುರುವು. ಅವರ ಕೈಯನ್ನು ಎದುರಾಳಿಗಳು ಓದಲು ಕಲಿತ ಮೇಲೆ ಮೊದಲ ಸರಣಿಯ ಹೊಳಪು ಮರಳಲಿಲ್ಲ. 19 ಟೆಸ್ಟ್‌ಗಳಿಗೇ ಆಟ ಮುಗಿಯಿತು. ಬರೀ ವೈಚಿತ್ರ್ಯ ಸಾಲದು, ಅದರ ಹಿಂದೆ ಹತೋಟಿಯೂ ಕಲಿಯುವ ಹಸಿವೂ ಬೇಕೆಂಬುದಕ್ಕೆ ಇವರಿಬ್ಬರೇ ಸಾಕ್ಷಿ.

ರಾಣೆಬೆನ್ನೂರು ಬಿತ್ತನೆ ಬೀಜಕ್ಕೆ ಹೆಸರಾದ ಊರು. ಬೀಜೋತ್ಪಾದನೆಯ ಹೊಲದಲ್ಲಿ ತಳಿಗೆ ಹೊಂದದ ಗಿಡ ಕಂಡರೆ ಕಿತ್ತು ಹಾಕುತ್ತಾರೆ. ಬೆಳೆ ಒಂದೇ ಬಗೆಯಾಗಿ ಬರಬೇಕೆಂದರೆ ಅದೇ ಕ್ರಮ. ಆದರೆ ಹೊಸ ತಳಿ ಹುಡುಕುವವರು ಮಾಡುವುದು ಇದರ ವಿರುದ್ಧ. ಬೇರೆಯಾಗಿ ಕಂಡ ಗಿಡಕ್ಕೇ ಗುರುತು ಕಟ್ಟಿ, ಅದರ ಗುಣ ನೋಡುವವರೆಗೆ ಕಾಯುತ್ತಾರೆ. ಕ್ರಿಕೆಟ್ ಗುರುಗಳಿಗೆ ಎರಡೂ ಕೆಲಸ ಬೇಕು. ಯಾವುದು ಯಾವಾಗ ಎಂಬ ವಿವೇಕವೂ ಬೇಕು.

ವಿಚಿತ್ರ ಕೈಯ ಹುಡುಗನೊಬ್ಬ ಎದುರು ನಿಂತಾಗ ಕೇಳಬೇಕಾದ ಪ್ರಶ್ನೆಗಳು ಮೂರು. ಅವನ ಮೊಣಕೈ ನಿಯಮದ ಮಿತಿಯೊಳಗಿದೆಯೇ? ಆ ಬೀಸುವಿಕೆಯಿಂದ ಅವನ ಭುಜಕ್ಕೂ ಬೆನ್ನಿಗೂ ಕೇಡಿಲ್ಲವೇ? ಎದುರಿನ ಒಳ್ಳೆಯ ಬ್ಯಾಟ್ಸ್‌ಮನ್‌ಗೆ ಅವನ ಚೆಂಡು ತಿಳಿಯುತ್ತಿಲ್ಲವೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಆ ಕೈಯನ್ನು ಹಾಗೆಯೇ ಬಿಡಬೇಕು. 1963ರಲ್ಲಿ ಬೆಂಗಳೂರಿನಲ್ಲಿ ಒಂದು ತೆಳು ತೋಳನ್ನು ಹಾಗೆ ಬಿಟ್ಟದ್ದರಿಂದಲೇ ಎಂಟು ವರ್ಷಗಳ ಬಳಿಕ ಓವಲ್‌ನಲ್ಲಿ ಇಂಗ್ಲೆಂಡ್ 101ಕ್ಕೆ ಮುಗಿಯಿತು.